ನೂಲು ಕೊಡುವ ಅಣ್ಣ

ಬನಹಟ್ಟಿಯ ಆ ಓಣಿಗೆ ಹೊಸಬರು ಬಂದರೆ ಮೊದಲು ಕಿವಿ ಮುಚ್ಚಿಕೊಳ್ಳುತ್ತಾರೆ, ಮಗ್ಗದ ಸದ್ದಿಗೆ. ಓಣಿಯವರಿಗೆ ಅದು ಸದ್ದೇ ಅಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ಮಾತ್ರ ಗಾಬರಿಯಾಗಿ "ಏನಾತ?" ಎಂದು ಹೊರಗೆ ಇಣುಕುತ್ತಾರೆ, ಮಲಗಿದ ಕೂಸುಗಳೂ ಎದ್ದು ಅಳಲು ಶುರು ಮಾಡುತ್ತವೆ. ಅಲ್ಲಿ ಮಗ್ಗ ನಡೆಸುವವನಿಗೆ ನೇಕಾರ ಎಂಬ ಹೆಸರಿದೆ, ಸಂಘವಿದೆ, ಅಮಾವಾಸ್ಯೆಗೊಂದು ಸೂಟಿಯಿದೆ. ಆ ಮಗ್ಗದ ಲಾಳಿಯೊಳಗೆ ಕೂರುವ ಕಂಡಿಕಿಯನ್ನು ಸುತ್ತಿ ಕೊಡುವವಳಿಗೆ ಏನನ್ನುತ್ತಾರೆ? ಏನೂ ಅನ್ನುವುದಿಲ್ಲ. ಅವಳು ಮನೆಯಲ್ಲಿರುತ್ತಾಳೆ, ಅಷ್ಟೆ.

ರತ್ನಾಬಾಯಿ ಹಾಗೆ ಮನೆಯಲ್ಲಿದ್ದವಳು. ಚಿಮ್ಮಡದಿಂದ ಸೋಮಲಿಂಗನ ಕೈಹಿಡಿದು ಬಂದವಳು, ಅವನು ತೀರಿಕೊಂಡ ಮೇಲೂ, ಮಗ ಗೌರೀಶನಿಗೆ ಮದುವೆಯಾಗಿ ಸೊಸೆ ಐಶ್ವರ್ಯ ಮನೆ ತುಂಬಿದ ಮೇಲೂ ರಾಟಿಯ ಮುಂದಿನಿಂದ ಎದ್ದವಳಲ್ಲ. ಆದರೂ ಯಾರಾದರೂ "ಏನ್ ಮಾಡ್ತೀರಿ ಬಾಯಾರ?" ಎಂದು ಕೇಳಿದರೆ, ಮಡಿಲಿಗೆ ಬಿದ್ದ ನೂಲಿನ ಎಳೆಗಳನ್ನು ಕೊಡವುತ್ತಲೇ, "ಏನ್ ಮಾಡೂದ್ರಿ, ಮನ್ಯಾಗ ಕುಂತಿರ್ತೀನಿ" ಎನ್ನುತ್ತಿದ್ದಳು. ಸುಳ್ಳು ಹೇಳುವ ಜಾಯಮಾನ ಅವಳದಲ್ಲ. ಹಾಗೆಂದೇ ಅವಳು ನಂಬಿದ್ದಳು.

ಕಂಡಿಕಿ ಎಂದರೆ ಬೆರಳುದ್ದದ ಕೊಳವೆ. ಲಡಿಯಾಗಿ, ಅಂದರೆ ದೊಡ್ಡ ಸುರುಳಿಯಾಗಿ ಬಂದ ನೂಲನ್ನು ರಾಟಿಗೆ ಹಚ್ಚಿ ಅದಕ್ಕೆ ಸುತ್ತಬೇಕು. ಸಡಿಲಾದರೆ ಮಗ್ಗದಲ್ಲಿ ಎಳೆ ಜಾರುತ್ತದೆ, ಬಿಗಿಯಾದರೆ ಹರಿಯುತ್ತದೆ. ಎರಡಕ್ಕೂ ಬೈಗುಳ ಬರುವುದು ಸುತ್ತಿದವಳಿಗೇ. ಚಿಮ್ಮಡದ ಅವಳ ತವರಿನವರು ಮಗ್ಗ ಬಿಟ್ಟು ಹೊಲ ಹಿಡಿದು ಒಂದು ತಲೆಮಾರು ಕಳೆದಿತ್ತು. ಕಬ್ಬಿನ ಒಣಗರಿಯ ರವದಿ ಎಳೆದು ಬೆಳೆದ ಹುಡುಗಿಗೆ ರಾಟಿಯ ತಲೆಬುಡ ಗೊತ್ತಿರಲಿಲ್ಲ. ಮೊದಲ ದಿನ ಅವಳು ಸುತ್ತಿದ, ನಡುವೆ ಉಬ್ಬಿಕೊಂಡ ಕಂಡಿಕಿಯನ್ನು ಅತ್ತೆ ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕಟ್ಟೆಯ ಮೇಲಿದ್ದ ಹೆಂಗಸರಿಗೆಲ್ಲ ತೋರಿಸಿದ್ದಳು.

"ನೋಡ್ರೆವಾ, ನಮ್ಮ ಸೊಸಿ ಕಂಡಿಕಿಗೆ ಎಂಟು ತಿಂಗಳು ತುಂಬ್ಯಾವ!"

ಇಡೀ ಕಟ್ಟೆ ನಕ್ಕಿತ್ತು. ರತ್ನಾಬಾಯಿಗೆ ಅಳುವೇ ಬಂದಿತ್ತು. ಆದರೆ ಆ ಅತ್ತೆಯೇ ಅವಳ ಬೆರಳ ಮೇಲೆ ತನ್ನ ಬೆರಳಿಟ್ಟು, ಎಳೆಯನ್ನು ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಕಲಿಸಿದಳು. ಆ ಒರಟು ಬೆರಳಿನ ಬಿಸಿ ಇಷ್ಟು ವರ್ಷಗಳಾದ ಮೇಲೂ ರತ್ನಾಬಾಯಿಗೆ ನೆನಪಿದೆ. ಬಾಯಿ ಜೋರಿನ ಅತ್ತೆಯರ ಬಗ್ಗೆ ಲೋಕ ಏನು ಬೇಕಾದರೂ ಅನ್ನಲಿ, ಆ ಮುದುಕಿ ಸತ್ತಾಗ ಸ್ವಂತ ಮಗಳಿಗಿಂತ ಹೆಚ್ಚು ಅತ್ತವಳು ಈ ಸೊಸೆ.

ಆಗಿನ ಕಟ್ಟೆಯ ಸೊಗಸನ್ನು ಈಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮುಂಜಾನೆಯ ರೊಟ್ಟಿ ಬಡಿದು ಮುಗಿಸಿದ್ದೇ ತಡ, ಓಣಿಯ ಎರಡೂ ಬದಿಯ ಕಟ್ಟೆಗಳ ಮೇಲೆ ರಾಟಿಗಳು ಬಂದು ಕೂರುತ್ತಿದ್ದವು. ಬಲಗೈ ರಾಟಿಗೆ, ಎಡಗೈ ಎಳೆಗೆ, ಬಾಯಿ ಊರಿಗೆ. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಯಾರ ಸೊಸೆ ತವರಿನಿಂದ ಬರಲೊಲ್ಲೆ ಅಂದಳು, ಯಾರ ಎಮ್ಮೆ ಕರು ಹಾಕಿತು, ಎಲ್ಲವೂ ಅಲ್ಲೇ ತೀರ್ಮಾನ. ಕೆಂಪು ನೂಲು ಬಂದ ದಿನ ಎಲ್ಲರ ಕೈ ಕೆಂಪು, ಹಸಿರು ಬಂದ ದಿನ ಹಸಿರು. ಎಷ್ಟು ತೊಳೆದರೂ ಬಣ್ಣ ಹೋಗದೆ ಸಂಜೆಯ ರೊಟ್ಟಿಯ ಅಂಚಿಗೂ ಅಷ್ಟಿಷ್ಟು ಹತ್ತುತ್ತಿತ್ತು. "ಇವತ್ತ ಸೀರಿ ಉಡಸ್ಯಾಳ ರೊಟ್ಟಿಗೆ" ಎಂದು ಸೋಮಲಿಂಗ ಹೆಂಡತಿಯನ್ನು ಛೇಡಿಸುತ್ತ ಉಣ್ಣುತ್ತಿದ್ದ. ಬೀಸುವ ಪದಗಳನ್ನೇ ರಾಟಿಯ ಓಟಕ್ಕೆ ಹೊಂದಿಸಿ ಒಬ್ಬಳು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಿದ್ದರು. ಕೂಸುಗಳು ನೂಲಿನ ಬುಟ್ಟಿಯಲ್ಲಿಯೇ ಮಲಗಿ ಬೆಳೆದವು.

ಎದುರಿನ ಕಟ್ಟೆಯಲ್ಲಿ ಭಾಗವ್ವ ಇದ್ದಳು. ರತ್ನಾಬಾಯಿ ಬಂದ ಮರುವರ್ಷವೇ ಬೀಳಗಿಯ ಕಡೆಯಿಂದ ಸೊಸೆಯಾಗಿ ಬಂದವಳು. ವಯಸ್ಸಿನಲ್ಲಿ ತುಸು ಸಣ್ಣವಳು, ಕೆಲಸದಲ್ಲಿ ಬಿರುಸು, ಕಂಠ ಮಾತ್ರ ದೇವರು ಕೊಟ್ಟಿದ್ದು. ಇವಳ ಬಸುರಿಗೆ ಅವಳು ಹುಣಸೆಕಾಯಿ ತಂದಳು, ಅವಳ ಬಾಣಂತನಕ್ಕೆ ಇವಳು ಅಳವಿ ಪಾಯಸ ಕಾಸಿದಳು. ಇಬ್ಬರ ನಡುವೆ ಒಂದು ಓಣಿಯಷ್ಟೇ ಅಂತರ. ಅದನ್ನೂ ಅವರು ದಿನಕ್ಕೆ ಎಷ್ಟು ಸಲ ದಾಟುತ್ತಿದ್ದರೋ ಲೆಕ್ಕವಿಟ್ಟವರಿಲ್ಲ.

ನೂಲು ತರುತ್ತಿದ್ದವನು ಚನಮಲ್ಲಪ್ಪ. ಅವನ ಅಪ್ಪನಿಗೆ ಮಗ್ಗಗಳಿದ್ದವು, ಸೀರೆಯ ವ್ಯಾಪಾರವಿತ್ತು. ಮಗ ಮೀಸೆ ಮೂಡುವ ಹೊತ್ತಿಗೇ ಸೈಕಲ್ಲಿನ ಹಿಂದೆ ಲಡಿಗಳ ಗಂಟು ಕಟ್ಟಿಕೊಂಡು ಓಣಿ ತಿರುಗಿದವನು. ಗಂಟು ಇಳಿಸಿದರೆ ಹಾಗೇ ಹೋಗುವವನಲ್ಲ. ಕೂಸಿಗೆ ಜ್ವರ ಬಂದಿದ್ದರೆ ಕೇಳುವನು, ಯಾರಿಗಾದರೂ ಜಮಖಂಡಿಯ ದವಾಖಾನೆಗೆ ಹೋಗುವುದಿದ್ದರೆ ತಾನೇ ಸೈಕಲ್ಲಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವನು. ಎಲ್ಲರಿಗೂ ಅವನು ಅಣ್ಣ. ಅವನಿಗೆ ಎಲ್ಲರೂ ತಂಗಿಯರು. ಅಪ್ಪ ಹೋದ ಮೇಲೆ ಮಗ್ಗಗಳು ಹೆಚ್ಚಾದವು, ಸೈಕಲ್ಲು ಹೋಗಿ ಮೋಟರ್‌ಸೈಕಲ್ಲು ಬಂತು, ಅದೂ ಹೋಗಿ ಟೆಂಪೋ ಬಂತು. ಅಣ್ಣ ಅಣ್ಣನಾಗಿಯೇ ಉಳಿದ.

ರತ್ನಾಬಾಯಿಗೆ ಅವನು ಬಾಯಿಮಾತಿನ ಅಣ್ಣ ಅಲ್ಲ. ಅವಳಿಗೆ ಒಡಹುಟ್ಟಿದವನು ಒಬ್ಬನೇ, ಅಂದಾನೆಪ್ಪ. ಚಿಕ್ಕಪಡಸಲಗಿಯ ಬ್ಯಾರೇಜಿಗೆ ರೈತರೆಲ್ಲ ಕೂಡಿ ದುಡಿದಾಗ ಬುತ್ತಿ ಕಟ್ಟಿಕೊಂಡು ಹೋಗಿ ಕಲ್ಲು ಹೊತ್ತ ಗಟ್ಟಿಮುಟ್ಟು ಆಳು. ನಾಗರ ಪಂಚಮಿ ಬಂತೆಂದರೆ ತಂಗಿಯನ್ನು ಕರೆಯಲು ಬಂಡಿ ಹೂಡಿಕೊಂಡು ಬನಹಟ್ಟಿಗೆ ಬಂದೇ ಬರುವವನು. ಒಂದು ಮಳೆಗಾಲದಲ್ಲಿ ಹಾವು ಕಡಿದು ಅವನು ಹೋದ. ಆ ವರ್ಷದ ಪಂಚಮಿಗೆ ಓಣಿಯ ಹೆಂಗಸರೆಲ್ಲ ತವರಿಗೆ ಹೊರಟರು. ಕರೆಯುವವರಿಲ್ಲದ ರತ್ನಾಬಾಯಿ ಕಟ್ಟೆಯ ಮೇಲೆ ಒಬ್ಬಳೇ ರಾಟಿ ಹಾಕಿಕೊಂಡು ಕೂತಿದ್ದಳು. ಕಣ್ಣೀರಿಗೆ ಎಳೆ ಕಾಣುತ್ತಿರಲಿಲ್ಲ, ಕೈ ಮಾತ್ರ ತಿರುಗಿಸುತ್ತಿತ್ತು. ಆಗ ಬಂದ ಚನಮಲ್ಲಪ್ಪ ನೂಲಿನ ಗಂಟು ತಂದಿರಲಿಲ್ಲ. ಒಂದು ಡಬ್ಬಿ ತುಂಬ ಉಂಡಿ, ಮೇಲೊಂದು ಕುಬಸದ ಕಣ ಇಟ್ಟುಕೊಂಡು ಬಂದಿದ್ದ.

"ಯಾಕ ಅಳತಿ ರತ್ನಾ? ಅಂದಾನೆಪ್ಪ ಹ್ವಾದ, ಖರೆ. ನಾ ಇನ್ನೂ ಅದೀನಿಲ್ಲೋ?"

ಅಂದಿನಿಂದ ಒಂದು ಪಂಚಮಿಯನ್ನೂ ಅವನು ತಪ್ಪಿಸಿರಲಿಲ್ಲ. ಅವಳ ತವರು ಎಂದರೆ ಅವನೇ. ಓಣಿಯ ಉಳಿದ ಹೆಂಗಸರಿಗೂ ಆಮೇಲೆ ಪಂಚಮಿಗೆ ಉಂಡಿ ಕಳಿಸುವ ರೂಢಿ ಮಾಡಿದ. ಹೀಗೆ ಉಂಡಿ ಕೊಡುವವನ ಮುಂದೆ ಕೂತು, ಕಂಡಿಕಿಗೆ ಇನ್ನಷ್ಟು ಹೆಚ್ಚು ಕೊಡು ಎಂದು ಯಾವ ತಂಗಿ ಕೇಳಿಯಾಳು? ಅವನು ಲೆಕ್ಕ ಹಾಕಿ ಹಾಗೆ ಮಾಡಿದನೆಂದರೆ ಪಾಪ ಬರುತ್ತದೆ. ಆದರೆ ಉಂಡಿ ತಿಂದ ಬಾಯಿ ಕಟ್ಟಿಹೋದದ್ದಂತೂ ನಿಜ.

ಕಟ್ಟೆ ಬರಿದಾದದ್ದು ಮೋಟಾರು ರಾಟಿ ಬಂದ ಮೇಲೆ. ಕೈಯಲ್ಲಿ ತಿರುಗಿಸುವ ಕಷ್ಟ ತಪ್ಪಿತು, ಕಂಡಿಕಿಗಳ ರಾಶಿ ಬೆಳೆಯಿತು, ಎಲ್ಲ ಛಲೋ ಆಯಿತೆಂದು ಎಲ್ಲರೂ ಅಂದುಕೊಂಡರು. ಆದರೆ ಕರೆಂಟಿನ ಬೋರ್ಡು ಇರುವುದು ಒಳಮನೆಯಲ್ಲಿ. ಒಬ್ಬೊಬ್ಬರಾಗಿ ಹೆಂಗಸರು ರಾಟಿಯ ಹಿಂದೆ ಒಳಗೆ ಹೋದರು. ಹೋದವರು ಬಾಗಿಲನ್ನೂ ಹಾಕಿಕೊಂಡರು, ಏಕೆಂದರೆ ಅದರ ಜೊತೆಗೆ ಒಂದು ಭಯವೂ ಓಣಿಗೆ ಬಂದಿತ್ತು. ಮನೆಯ ಮೀಟರಿನ ಮೇಲೆ ಮೋಟಾರು ಓಡಿಸಿದ್ದು ಗೊತ್ತಾದರೆ ಕರೆಂಟಿನವರು ವೈರು ಕಿತ್ತುಕೊಂಡು ಹೋಗುತ್ತಾರೆ, ಕಾರಖಾನೆಯ ಬಿಲ್ಲು ಹಚ್ಚುತ್ತಾರೆ ಎಂದು ಯಾರೋ ಹಬ್ಬಿಸಿದ್ದರು. ಯಾರ ವೈರನ್ನೂ ಯಾರೂ ಕಿತ್ತದ್ದನ್ನು ಕಂಡವರಿಲ್ಲ. ಆದರೂ ಕೈಚೀಲ ಹಿಡಿದ ಹೊಸ ಗಂಡಸು ಓಣಿಯ ಬಾಯಿಯಲ್ಲಿ ಕಂಡರೆ ಸಾಕು, ಮೊದಲು ಕಂಡವಳು ಕೂಗಬೇಕು, ಉಳಿದವರು ಮೋಟಾರು ಬಂದ್ ಮಾಡಿ, ರಾಟಿಯ ಮೇಲೆ ಕೌದಿ ಹೊದಿಸಿ, ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂರಬೇಕು ಎಂದು ಓಣಿಯ ಕಾಯಿದೆ ಆಯಿತು. ಹಾಡು ಹೋಗಿ ಈ ಕೂಗು ಬಂತು.

ಮುಚ್ಚಿದ ಬಾಗಿಲ ಹಿಂದೆ ಭಾಗವ್ವನ ಕೈ ಹೋಯಿತು. ಅವತ್ತು ಹೊರಗೆ ಬಿಸಿಲಿತ್ತು, ಒಳಗೆ ಕತ್ತಲೆ. ಅವಳ ಸೆರಗು ಮೋಟಾರಿನ ತಿರುಗುವ ಪಟ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದ ಬಲಗೈಯನ್ನೂ ಅದು ಎಳೆದುಕೊಂಡಿತು. ಕೂಗಿದ್ದು ಅಕ್ಕಪಕ್ಕದ ಮೋಟಾರುಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಸಕ್ಕರೆ ಕೇಳಲು ಹೋದ ಐಶ್ವರ್ಯ ಬಾಗಿಲು ತಳ್ಳಿದಾಗ ಭಾಗವ್ವ ಗೋಡೆಗೆ ಒರಗಿ ಕೂತಿದ್ದಳು, ಬಿಳಿಯ ನೂಲೆಲ್ಲ ಕೆಂಪಾಗಿತ್ತು.

ಚನಮಲ್ಲಪ್ಪ ಓಡಿ ಬಂದ. ತನ್ನ ಗಾಡಿಯಲ್ಲೇ ದವಾಖಾನೆಗೆ ಒಯ್ದ, ಹೊಲಿಗೆ ಹಾಕಿಸಿದ, ಹಣ್ಣು ತಂದ, ಕಣ್ಣೀರನ್ನೂ ಹಾಕಿದ. ಡಾಕ್ಟರು ಹೆಂಗಾತ್ರಿ ಎಂದು ಕೇಳಿದಾಗ ಅವನೇ ಉತ್ತರಿಸಿದ: "ನಮ್ಮ ತಂಗಿರಿ. ಮನ್ಯಾಗ ಕೆಲಸಾ ಮಾಡೂ ಮುಂದ ಪೆಟ್ಟಾಗೇತಿ." ಮಾಂಸ ಕೂಡಿಕೊಂಡಿತು, ಬೆರಳು ಮಡಚಲಿಲ್ಲ. ಒಳಗಿನ ನರ ಹರಿದಿದೆ, ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಆಗಬೇಕು, ತಡ ಮಾಡಿದಷ್ಟೂ ಬೆರಳುಗಳು ಗಟ್ಟಿಯಾಗುತ್ತವೆ, ಆಮೇಲೆ ದೇವರೇ ಬಂದರೂ ಆಗದು ಎಂದರು ಡಾಕ್ಟರು. ಅದರ ಖರ್ಚಿನ ಮಾತು ಬಂದಾಗ ಅಣ್ಣನ ಅಣ್ಣತನ ಹಣ್ಣಿನ ಚೀಲದ ಆಚೆ ದಾಟಲಿಲ್ಲ. "ನೋಡೂಣು ಭಾಗೂ, ಸೀರಿ ಮಾರ್ಕೆಟ್ಟು ಬಿದ್ದೈತಿ" ಎಂದ. ಕೈಯಾಗದವಳಿಗೆ ನೂಲೇಕೆ ಎಂದು ಟೆಂಪೋ ಅವಳ ಮನೆಯ ಮುಂದೆ ನಿಲ್ಲುವುದೂ ತಪ್ಪಿತು. ಭಾಗವ್ವ ಬರಿದಾದ ಕಟ್ಟೆಯ ಮೇಲೆ ಒಬ್ಬಳೇ ಕೂರತೊಡಗಿದಳು, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು.

ರಬಕವಿಯ ಅಂಜನಾ ಬಂದದ್ದು ಆಗ. ಮನೆಯಲ್ಲಿ ಕೂತು ದುಡಿಯುವ ಹೆಣ್ಣುಮಕ್ಕಳದೊಂದು ಸಂಘ ಕಟ್ಟಬೇಕೆಂದು ಸ್ಕೂಟಿಯ ಮೇಲೆ ಓಣಿ ಓಣಿ ಸುತ್ತುತ್ತಿದ್ದ ಹುಡುಗಿ. ಕಾರ್ಮಿಕರ ಕಚೇರಿಗೆ ಹೋಗಿ ಹೋಗಿ ಅಲ್ಲಿನ ಸಾಹೇಬರನ್ನು ಒಪ್ಪಿಸಿದ್ದಳು. ಅವರು ಓಣಿಗೆ ಬಂದು ತಾವೇ ಕಣ್ಣಾರೆ ನೋಡುತ್ತಾರೆ, ಹೆಂಗಸರು ಯಾರ ಕೆಲಸ ಮಾಡುತ್ತಿದ್ದೇವೆಂದು ಬಾಯಿಬಿಟ್ಟು ಹೇಳಬೇಕು, ಅಷ್ಟಾದರೆ ಭಾಗವ್ವನ ಕೈಗೆ ಮಾಲಕನನ್ನು ಜವಾಬುದಾರ ಮಾಡಬಹುದು ಎಂದಳು.

"ನೀವು ಹಿರ್ಯಾರ. ನೀವು ಹೇಳಿದ್ರ ಉಳದಾರೂ ಹೇಳ್ತಾರ" ಎಂದು ರತ್ನಾಬಾಯಿಯ ಕೈ ಹಿಡಿದುಕೊಂಡಳು.

"ಅಣ್ಣನ ಮ್ಯಾಲೆ ದೂರ ಹೇಳು ಅಂತೀಯೇನ ತಂಗಿ?"

"ಅಣ್ಣನ ಮ್ಯಾಲಲ್ರಿ. ನೂಲು ಕೊಡಾವನ ಹೆಸರು ಹೇಳ್ರಿ, ಅಷ್ಟ. ಇಲ್ಲಂದ್ರ ಭಾಗವ್ವಾರದು ಮನ್ಯಾಗಿನ ಪೆಟ್ಟು ಅಂತ ಉಳಿತೈತಿ. ಈಳಗಿ ಮಣಿಯಾಗ ಬೆರಳ ಕೊಯ್ಕೊಂಡಾಂಗ."

ರತ್ನಾಬಾಯಿ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಹೆಸರು ಹೇಳಿದರೆ ತವರು ಹೋಗುತ್ತದೆ. ಹೇಳದಿದ್ದರೆ ಭಾಗೂನ ಕೈ ಹೋಗುತ್ತದೆ. ಎದುರಿನ ಕಟ್ಟೆಯ ಕಡೆ ನೋಡಲಾರದೆ ಅವಳು ಬೇಗ ಬೇಗ ಬಾಗಿಲು ಹಾಕಿಕೊಳ್ಳತೊಡಗಿದಳು.

ಸಾಹೇಬರು ಸೋಮವಾರ ಮಧ್ಯಾಹ್ನ ಬರುವವರಿದ್ದರು. ಸರಕಾರದವರು ಹೇಳಿದ ಹೊತ್ತಿಗೆ ಮೊದಲೇ ಬಂದದ್ದನ್ನು ಬನಹಟ್ಟಿ ಕಂಡಿರಲಿಲ್ಲ, ಅಂದು ಕಂಡಿತು. ಮುಂಜಾನೆ ಕಸ ಚೆಲ್ಲಲು ಹೊರಗೆ ಬಂದ ರತ್ನಾಬಾಯಿಗೆ ಓಣಿಯ ಬಾಯಿಯಲ್ಲಿ ಜೀಪು ನಿಂತದ್ದು ಕಂಡಿತು. ಅದರಿಂದ ಕೈಚೀಲ ಹಿಡಿದ ಒಬ್ಬರು ಇಳಿದರು. ಇಳಿದವರು ನೆಟ್ಟಗೆ ಬರಬಾರದೇ? ಸೊಂಟಕ್ಕೆ ಕೈಯಿಟ್ಟು, ತಲೆಯೆತ್ತಿ, ಮೇಲಿನ ತಂತಿಗಳನ್ನು ನೋಡುತ್ತ ನಿಂತರು. ಅಷ್ಟು ಸಾಕಾಯಿತು. ಇಷ್ಟು ವರ್ಷದ ರೂಢಿ ಅವಳ ಗಂಟಲಿಗೆ ಬಂತು.

"ಕರೆಂಟಿನವರು ಬಂದ್ರಽ!"

ಓಣಿಯ ಒಳಮನೆಗಳಲ್ಲಿ ಗುಂಯ್‌ಗುಡುತ್ತಿದ್ದ ಮೋಟಾರುಗಳು ಒಂದಾದ ಮೇಲೊಂದು ಬಾಯಿ ಮುಚ್ಚಿದವು. ಸಾಹೇಬರು ಮನೆ ಮನೆಗೆ ಹೋದರು. ಎಲ್ಲ ಮನೆಯಲ್ಲೂ ಮೊರ, ಎಲ್ಲ ಮೊರದಲ್ಲೂ ಜೋಳ. ಅಷ್ಟು ಜೋಳ ಒಂದೇ ಮುಂಜಾನೆ ಆ ಊರಿನಲ್ಲಿ ಹಿಂದೆಂದೂ ಹಸನಾಗಿರಲಿಕ್ಕಿಲ್ಲ. "ಮೂಲ್ಯಾಗ ಅದೇನ್ರಿ?" ಎಂದು ಕೇಳಿದರೆ "ಹಾಸಗಿರಿ" ಎಂದರು. "ಏನ್ ಕೆಲಸಾ ಮಾಡ್ತೀರಿ?" ಎಂದರೆ "ಏನಿಲ್ರಿ, ಮನ್ಯಾಗ ಇರ್ತೀವಿ" ಎಂದರು. ಸಾಹೇಬರು ಪಾಪ ಒಳ್ಳೆಯವರು, ಕರವಸ್ತ್ರದಿಂದ ಬೆವರು ಒರೆಸಿಕೊಳ್ಳುತ್ತ ಓಣಿಯ ನಡುವೆ ನಿಂತರು.

ಆ ಹೊತ್ತಿಗೆ ಅಂಜನಾ ಸ್ಕೂಟಿ ನಿಲ್ಲಿಸಿ ಓಡಿಬಂದಳು. ಬಂದ್ ಆದ ಮೋಟಾರುಗಳು, ಹೊಸ್ತಿಲಲ್ಲಿ ನಿಂತ ಮೊರಗಳು, ಎಲ್ಲವೂ ಅವಳಿಗೆ ಒಂದೇ ನೋಟಕ್ಕೆ ತಿಳಿದವು. "ಅವ್ವಾ, ಇವರ ರೀ ಸಾಹೇಬರು! ಕರೆಂಟಿನವರಲ್ಲ!" ಎನ್ನುವಾಗ ಅವಳ ದನಿ ಅಳುವಿಗೆ ಬಂದಿತ್ತು. ರತ್ನಾಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಕೂಗಿದವಳು ತಾನೇ. ಭಾಗೂನ ಕೈಯನ್ನು ತನ್ನ ಬಾಯಿಯಿಂದಲೇ ಕಳೆದಿದ್ದಳು.

"ಮೇಡಂ, ಇಲ್ಲಿ ಯಾರೂ ಏನೂ ಮಾಡಂಗಿಲ್ಲ ಅಂತಾರ. ನಾ ಯಾವ ಕೆಲಸಾ ನೋಡ್ಲಿ?" ಎಂದರು ಸಾಹೇಬರು.

ಸುದ್ದಿ ಮುಟ್ಟಿ ಚನಮಲ್ಲಪ್ಪನೂ ಬಂದ. ಬಿಳಿಯ ಅಂಗಿ, ಹಣೆಗೆ ವಿಭೂತಿ. ಸಾಹೇಬರಿಗೆ ಕೈಮುಗಿದು, ಎಂದಿನ ಮೆತ್ತನೆಯ ದನಿಯಲ್ಲಿಯೇ ಹೇಳಿದ: "ಈ ಹುಡುಗಿಗೆ ತಿಳೂದಿಲ್ರಿ ಸರ್. ಇವರು ಕೆಲಸದವರಲ್ಲ, ನಮ್ಮ ಅಕ್ಕತಂಗ್ಯಾರು. ಮನಿ ಕೆಲಸಾ ಮುಗದ ಮ್ಯಾಲೆ, ಹೊತ್ತು ಹೋಗ್ಲಿ ಅಂತ ಎರಡು ಕಂಡಿಕಿ ಸುತ್ತತಾರ, ಅಷ್ಟರಿ. ಕೇಳ್ರಿ ಬೇಕಾದ್ರ ನಮ್ಮ ರತ್ನಾಗ."

ಹೊತ್ತು ಹೋಗಲಿ ಅಂತ!

ರತ್ನಾಬಾಯಿಗೆ ಅದುವರೆಗೆ ಅವನ ಮೇಲೆ ಸಿಟ್ಟು ಬಂದದ್ದೇ ಇಲ್ಲ. ಅಂದು ಬಂತು. ಗೌರೀಶ ಹುಟ್ಟುವ ದಿನ ಬ್ಯಾನಿ ಎದ್ದ ಮೇಲೂ ಹಿಡಿದ ಲಡಿ ಮುಗಿಸಿಯೇ ಒಳಗೆ ಹೋಗಿದ್ದಳು. ಸೋಮಲಿಂಗನ ದಿನಕರ್ಮ ಮುಗಿದ ಮರುದಿನವೇ, ನೆಂಟರ ಚಪ್ಪಲಿಗಳು ಇನ್ನೂ ಹೊರಗಿರುವಾಗಲೇ, ಮಗ್ಗ ನಿಂತಾವು ಎಂದು ಅಣ್ಣ ಹೇಳಿ ಕಳಿಸಿದ್ದಕ್ಕೆ ರಾಟಿಯ ಮುಂದೆ ಕೂತಿದ್ದಳು. ಗಂಡಸರು ಅಮಾವಾಸ್ಯೆಯ ಸೂಟಿಯಲ್ಲಿ ಹರಟೆ ಹೊಡೆಯುವಾಗ ಮರುದಿನದ ಕಂಡಿಕಿ ಸುತ್ತಿದ್ದಳು. ಅದೆಲ್ಲ ಹೊತ್ತು ಹೋಗಲಿ ಅಂತ? ಅವಳು ಎದುರಿನ ಕಟ್ಟೆಯ ಕಡೆ ನೋಡಿದಳು. ಎಷ್ಟೋ ದಿನಗಳ ಮೇಲೆ ನೆಟ್ಟಗೆ ನೋಡಿದಳು. ಭಾಗವ್ವ ಕೈಯನ್ನು ಸೆರಗಿನೊಳಗೆ ಇನ್ನೂ ಒಳಗೆ ಎಳೆದುಕೊಳ್ಳುತ್ತಿದ್ದಳು, ಕಳ್ಳತನದ ಮಾಲು ಇಟ್ಟುಕೊಂಡವಳ ಹಾಗೆ.

ರತ್ನಾಬಾಯಿ ಮೊರವನ್ನು ಕೆಳಗಿಟ್ಟಳು. ಬಾಗಿಲ ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತೆರೆದಳು. ಒಳಗೆ ಹೋಗಿ ರಾಟಿಯ ಮೇಲಿನ ಕೌದಿಯನ್ನು ಎಳೆದು ಮೂಲೆಗೆ ಒಗೆದಳು, ಮೋಟಾರು ಹಚ್ಚಿದಳು, ಮಣೆಯ ಮೇಲೆ ಕೂತಳು.

"ಬರ್ರಿ ಸಾಹೇಬರ, ಒಳಗ ಬರ್ರಿ. ಸುಳ್ಳ ಹೇಳೀನ್ರಿ. ನಾ ಕಂಡಿಕಿ ಸುತ್ತತೀನಿ. ನಮ್ಮ ಮನ್ಯಾಗ ಸೊಸೀನೂ ಸುತ್ತತಾಳ."

ಸಾಹೇಬರು ಹೊಸ್ತಿಲ ಬಳಿ ಬಂದು ನಿಂತರು. "ಯಾವಾಗಿಂದ ಮಾಡಾಕತ್ತೀರಿ?"

"ಮೈಮ್ಯಾಲಿನ ಅರಿಷಿಣ ಆರಿರಲಿಲ್ರಿ, ಆವಾಗಿಂದ."

"ಯಾರ ನೂಲು?"

ಬಾಗಿಲ ಚೌಕಟ್ಟಿನಲ್ಲಿ, ಸಾಹೇಬರ ಹೆಗಲಿನಾಚೆ ಚನಮಲ್ಲಪ್ಪನ ಮುಖ ಕಾಣುತ್ತಿತ್ತು. ವಯಸ್ಸಾಗಿತ್ತು ಅವನಿಗೂ. ಆ ಮುಖದಲ್ಲಿ ಬೆದರಿಕೆ ಇರಲಿಲ್ಲ. ಇದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು! ಅವನು ತಂಗಿಯನ್ನು ನಂಬಿಕೊಂಡು ನಿಂತ ಅಣ್ಣನ ಹಾಗೆಯೇ ನಿಂತಿದ್ದ. ರತ್ನಾಬಾಯಿ ಒಂದೇ ಉಸಿರಿಗೆ ಹೇಳಿದಳು.

"ಚನಮಲ್ಲಪ್ಪಾರದ್ರಿ. ಅವರಪ್ಪನ ಕಾಲದಿಂದ ಅವರದ ನೂಲು. ಅವರು ತಂದ ಕೊಡತಾರ, ನಾವು ಸುತ್ತತೀವಿ, ಅವರ ಒಯ್ತಾರ. ಅಗಾ, ಆ ಕಟ್ಟಿಮ್ಯಾಲೆ ಕುಂತಾಳಲ್ಲ ಭಾಗವ್ವ, ಅಕಿ ಕೈ ಹೋಗಿದ್ದೂ ಅವರ ನೂಲು ಸುತ್ತೂ ಮುಂದನ. ಅವರು ನಮ್ಮ ಮಾಲಕರು."

ಮೊದಲು ಪಕ್ಕದ ಮನೆಯ ಬಾಗಿಲು ಸದ್ದು ಮಾಡಿತು, ಆಮೇಲೆ ಅದರಾಚೆಯದು. ಹೆಂಗಸರು ಒಳಗೆ ಹೋಗಿ ಮೋಟಾರು ಹಚ್ಚಿದರು, ಅಷ್ಟೆ. ಓಣಿ ಪೂರ್ತಿ ಗುಂಯ್‌ಗುಡತೊಡಗಿದಾಗ ಸಾಹೇಬರು ಭಾಗವ್ವನ ಹತ್ತಿರ ಹೋಗಿ, ಕೈ ತೋರಿಸಿ ಬಾಯಾರ ಎಂದರು. ಅವಳು ರತ್ನಾಬಾಯಿಯ ಕಡೆ ಒಮ್ಮೆ ನೋಡಿ, ಸೆರಗಿನಿಂದ ಕೈಯನ್ನು ಹೊರಗೆ ತೆಗೆದಳು.

ಸಾಹೇಬರು ಹೋದ ಮೇಲೆ ಚನಮಲ್ಲಪ್ಪ ಅಲ್ಲಿಯೇ ನಿಂತಿದ್ದ.

"ನಾ ನಿನಗೇನ ಕಡಿಮಿ ಮಾಡೀನಿ ರತ್ನಾ?"

"ಏನೂ ಕಡಿಮಿ ಮಾಡಿಲ್ಲಣ್ಣಾ. ನೀ ಇರಲಿಲ್ಲಂದ್ರ ನಾ ಅಂದಾನೆಪ್ಪನ ಹಿಂದ ಹೋಗಿಬಿಡತಿದ್ದೆ. ಆದ್ರ ಭಾಗೂನ ಕೈಗೆ ಹಣ್ಣ ತರೂ ಅಣ್ಣ ಬಂದ. ಅಕಿಗೆ ಬೇಕಾಗಿದ್ದು ಮಾಲಕ."

ಅವನು ತಿರುಗಿ ನಡೆದ. ರತ್ನಾಬಾಯಿ ಅವನು ಓಣಿಯ ತಿರುವು ದಾಟುವವರೆಗೂ ನೋಡುತ್ತ ನಿಂತಳು. ಕರೆಯಬೇಕೆನಿಸಿತು, ಕರೆಯಲಿಲ್ಲ.

ಅದರಿಂದ ಓಣಿಗೆ ಸ್ವರ್ಗವೇನೂ ಇಳಿದು ಬರಲಿಲ್ಲ. ಕಚೇರಿಯ ಅಲೆದಾಟ ಅಂಜನಾಳಿಗೆ ಇನ್ನೂ ತಪ್ಪಿಲ್ಲ. ಆದರೆ ಎಲ್ಲ ಮೋಟಾರುಗಳ ಪಟ್ಟಿಗೂ ತಗಡಿನ ಮುಚ್ಚಳ ಬಂತು. ಮನೆಯ ಮೀಟರಿನ ಭಯಕ್ಕೆ ಕಾರಣವಿಲ್ಲವೆಂದು ಸಾಹೇಬರೇ ವಿಚಾರಿಸಿ ತಿಳಿಸಿದ್ದರಿಂದ ಬಾಗಿಲುಗಳು ತೆರೆದವು. ಭಾಗವ್ವನ ಆಪರೇಶನ್ನಿಗೆ ಚನಮಲ್ಲಪ್ಪ ತಕರಾರು ತೆಗೆಯದೆ ಖರ್ಚು ಕೊಟ್ಟ. ಮಾಲಕ ಎಂದಮೇಲೆ ಮಾಲಕನಾಗಿಯೇ ನಡೆದುಕೊಂಡ. ಯಾರ ಮನೆಗೂ ನೂಲನ್ನು ನಿಲ್ಲಿಸಲಿಲ್ಲ. ಆ ವರ್ಷದ ಪಂಚಮಿಗೆ ಉಂಡಿ ಮಾತ್ರ ಬರಲಿಲ್ಲ. ಐಶ್ವರ್ಯ ಮಾಡಿದ ಉಂಡಿಯನ್ನು ರತ್ನಾಬಾಯಿ ಅರ್ಧ ಮುರಿದು ಹಾಗೇ ತಾಟಿನಲ್ಲಿ ಬಿಟ್ಟಳು.

ದೀಪಾವಳಿ ಕಳೆದ ಮೇಲೆ ಒಂದು ದಿನ, ಟೆಂಪೋದವನು ಬಾರದ್ದರಿಂದ ಚನಮಲ್ಲಪ್ಪನೇ ನೂಲು ತಂದ. ಅವನನ್ನು ದೂರದಿಂದ ಕಂಡದ್ದೇ ರತ್ನಾಬಾಯಿ ಒಳಗೆ ಓಡಿ ಚಹಾಕ್ಕೆ ಇಟ್ಟಳು. ಹೊರಗೆ ಬಂದಾಗ ಅವನು ಗಂಟನ್ನು ಕಟ್ಟೆಯ ಮೇಲಿಟ್ಟು ಕೆಳಗೆ ನಿಂತಿದ್ದ.

"ನೂಲ ತಗೋರಿ ರತ್ನಾಬಾಯಾರ."

"ಕುಂದರ ಅಣ್ಣಾ. ಚಾ ಇಟ್ಟೀನಿ."

"ಇಲ್ರಿ, ಇನ್ನೂ ಮನಿಗೋಳು ಅದಾವು" ಎಂದ. ಸಿಟ್ಟಿನಿಂದಲ್ಲ. ಪರವೂರಿನ ಗಿರಾಕಿಯ ಜೊತೆ ಮಾತಾಡುವ ಮರ್ಯಾದೆಯಿಂದ. ಗಾಡಿ ತಿರುಗಿಸಿಕೊಂಡು ಹೋದ.

ರತ್ನಾಬಾಯಿ ಚಹಾದ ಕಪ್ಪು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತು ಅತ್ತಳು. ಮುಚ್ಚುಮರೆ ಇಲ್ಲದೆ, ಮೂಗು ಒರೆಸಿಕೊಳ್ಳುತ್ತ ಅತ್ತಳು. ಎದುರಿನಿಂದ ಭಾಗವ್ವ ಓಣಿ ದಾಟಿ ಬಂದು ಪಕ್ಕದಲ್ಲಿ ಕೂತಳು.

"ನನ್ನ ಸಲುವಾಗಿ ನಿನ್ನ ತವರ ಹೋತಲ್ಲ ಅಕ್ಕಾ. ಯಾಕರ ಹೇಳಿದ್ನೋ ಅನಸ್ತೈತೇನ ನಿಂಗ?"

"ಇಲ್ಲ ಭಾಗೂ. ನಾಳೆ ಮತ್ತ ಬಂದ ಕೇಳಿದ್ರೂ ಅದನ್ನ ಹೇಳ್ತೀನಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರ ನಂಗ ಅಣ್ಣಾನೂ ಬೇಕಾಗಿದ್ದ ಬೇ."

ಚಹಾ ಆರುತ್ತಿತ್ತು. ಭಾಗವ್ವ ಬಲಗೈ ಚಾಚಿ ಕಪ್ಪನ್ನು ತೆಗೆದುಕೊಂಡಳು. ಬೆರಳುಗಳು ಒಂದೊಂದಾಗಿ, ನಿಧಾನವಾಗಿ ಮಡಚಿ ಕಪ್ಪಿನ ಸುತ್ತ ಕೂಡಿದವು. ಸ್ವಲ್ಪ ನಡುಗಿದವು, ಆದರೆ ಹಿಡಿದವು. ಅರ್ಧ ಕುಡಿದು, ಉಳಿದರ್ಧವನ್ನು ಅದೇ ಕೈಯಿಂದ ರತ್ನಾಬಾಯಿಯ ಮುಂದೆ ಹಿಡಿದಳು.